ಸೊಪ್ಪಿನ ಕಾಲಂ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ರೋಗಿಯದಿಲ್ಲ, ಎಸ್ಟೇಟಿನದಿಲ್ಲ, ನಾನು ಕೂತು ಕೆಲಸ ಮಾಡುವ ಆಸ್ಪತ್ರೆಯದೂ ಇಲ್ಲ. ನೆಲ್ಯಹುದಿಕೇರಿಯಿಂದ ಅಮ್ಮತ್ತಿಯ ಕಡೆಗೆ ಹಬ್ಬಿರುವ ಕಾಫಿ ತೋಟಗಳ ನಡುವೆ ಎಲ್ಲೋ ಇರುವ ಒಂದು ಸಣ್ಣ ಸರಕಾರಿ ಆಸ್ಪತ್ರೆ ಅಂದುಕೊಂಡರೆ ಸಾಕು. ಹೆಸರು ಕೊಡಿ ಎಂದವರಿಗೆ ಕೊಡುವುದಿಲ್ಲ ಎಂದು ಜಗಳವಾಡಿದವಳು ನಾನು. ಆ ಜಗಳದ ಕಥೆ ಬರೆಯುವ ನೆಪದಲ್ಲಿ ಈಗ ಕೊಟ್ಟುಬಿಟ್ಟರೆ ನನ್ನಂಥ ಪೆದ್ದಿ ಇನ್ನೊಬ್ಬಳಿರಲಾರಳು.

ಜಗಳಕ್ಕೆ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಎಲ್ಲ ಶುರುವಾದದ್ದು ಅದರಿಂದಲೇ. ನಮ್ಮ ತಾತ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತವರು. ಊರು ಬಿಟ್ಟರೂ ಊಟ ಬಿಡಲಿಲ್ಲ. ನಮ್ಮ ಮನೆಯಲ್ಲಿ ಸೊಪ್ಪಿಲ್ಲದ ದಿನವೇ ಇರಲಿಲ್ಲ. ಬಸ್ಸಾರು, ಮಸೊಪ್ಪು, ಸೊಪ್ಪಿನ ಪಲ್ಯ, ಏನೂ ಸಿಗದ ದಿನ ಬೇಲಿ ಪಕ್ಕದ ಬೆರಕೆ ಸೊಪ್ಪು. ಡಾಕ್ಟರಾದ ಮೇಲೆ ಆ ಅಡಿಗೆಮನೆಯನ್ನೇ ಆಸ್ಪತ್ರೆಗೆ ಹೊತ್ತು ತಂದೆ. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡುವುದು, ಬಿಳಚಿಕೊಂಡಿದ್ದರೆ "ಸೊಪ್ಪು ತಗೋತೀರಾ?" ಎಂದು ಕೇಳುವುದು. ತಿಂತೀರಾ ಎನ್ನಬೇಕಿತ್ತು. ಆದರೆ ಆಸ್ಪತ್ರೆಯಲ್ಲಿ ಮಾತ್ರೆಯನ್ನೂ ತಗೊಳ್ಳುತ್ತಾರೆ, ಇಂಜೆಕ್ಷನ್ನನ್ನೂ ತಗೊಳ್ಳುತ್ತಾರೆ, ರೆಸ್ಟನ್ನೂ ತಗೊಳ್ಳುತ್ತಾರೆ. ಹಾಗಾಗಿ ನನ್ನ ಬಾಯಲ್ಲಿ ಸೊಪ್ಪು ಕೂಡ ತಗೊಳ್ಳುವ ವಸ್ತುವಾಗಿಬಿಟ್ಟಿತ್ತು.

ಕೊಡಗಿನಲ್ಲಿ ಸೊಪ್ಪಿನ ಗೊಂದಲ ನನಗೆ ಹೊಸದೇನಲ್ಲ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ ಇಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಅದನ್ನು ತಿಂದವರ ಮೂತ್ರ ಮರುದಿನ ಕೆಂಪಾಗುತ್ತದೆ. ಊರವರಿಗೆ ಅದು ಗೊತ್ತು. ಹೊಸದಾಗಿ ತೋಟದ ಕೆಲಸಕ್ಕೆ ಬಂದ ದೂರದ ಊರಿನವರಿಗೆ ಗೊತ್ತಿರುವುದಿಲ್ಲ. ಪ್ರತಿ ವರ್ಷ ಒಬ್ಬರಾದರೂ ಜೀವ ಬಾಯಿಗೆ ಬಂದವರ ಹಾಗೆ ಆಸ್ಪತ್ರೆಗೆ ಓಡಿಬರುತ್ತಾರೆ. ನಾನು ನಕ್ಕು, ನೀರು ಕುಡಿಸಿ ಕಳಿಸುತ್ತೇನೆ. ಸೊಪ್ಪಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದೇನಿದೆ ಎಂಬ ಜಂಬ ಆಗ ನನಗಿತ್ತು.

ಅಂಥ ಜಂಬದ ದಿನಗಳಲ್ಲೇ, ಮೆಣಸು ಕೊಯ್ಲಿನ ಆರಂಭದಲ್ಲಿ, ಒಬ್ಬರು ವಾಂತಿ ಎಂದು ಬಂದರು. ಮೂವತ್ತೈದು ವಯಸ್ಸಿರಬಹುದು. ಹತ್ತಿರದ ಎಸ್ಟೇಟು ತನ್ನ ಆಳುಗಳಿಗೆ ಕೊಡುವ ಸಾಲುಮನೆಯ, ಅಂದರೆ ಲೈನ್ ಮನೆಯವರು, ಮನೆಯಲ್ಲಿ ತಮಿಳು, ಹೊರಗೆ ನಮ್ಮ ಈ ಕಡೆಯ ಕಲಬೆರಕೆ ಕನ್ನಡ. ಕೆಲಸ ಮೆಣಸು ಕೊಯ್ಯುವುದು. ಅಂದರೆ ಸಿಲ್ವರ್ ಓಕ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು, ತೆಂಗಿನ ಮರದಷ್ಟು ಎತ್ತರಕ್ಕೆ ಹತ್ತಿ ಬಳ್ಳಿಯಿಂದ ಕಾಳಿನ ಗೊಂಚಲು ಬಿಡಿಸುವುದು. ನಾಲ್ಕು ತಿಂಗಳಿಂದ ಆಗಾಗ ವಾಂತಿ, ತೂಕ ಇಳಿದಿದೆ, ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿಗೆ ಪೈಪ್ ಹಾಕಿ ನೋಡಿ ಏನೂ ಇಲ್ಲವೆಂದಿದ್ದಾರೆ. ರೆಪ್ಪೆ ಎಳೆದು ನೋಡಿದೆ. ಬಿಳಚಿತ್ತು. "ಸೊಪ್ಪು ತಗೋತೀರಾ?" ಎಂದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ತಲೆ ತಗ್ಗಿಸಿ, ದಿನಕ್ಕೆ ಎರಡು ಸಲ ತಗೊಳ್ತೇನೆ ಎಂದರು. ನನಗೆ ಖುಷಿಯೋ ಖುಷಿ. ಲೈನ್ ಮನೆಯಲ್ಲಿದ್ದುಕೊಂಡು ದಿನಕ್ಕೆರಡು ಹೊತ್ತು ಸೊಪ್ಪು ತಿನ್ನುವ ಗಂಡಸನ್ನು ನಾನು ನೋಡಿರಲೇ ಇಲ್ಲ. ತುಂಬಾ ಒಳ್ಳೇದು, ಸಾಲದು, ಇನ್ನೂ ಜಾಸ್ತಿ ತಗೊಳ್ಳಿ ಎಂದೆ. ಅವರು ಮುಖವೆತ್ತಿ ನನ್ನನ್ನೇ ನೋಡಿದರು. ಆ ನೋಟವನ್ನು ನಾನು ಕೃತಜ್ಞತೆ ಎಂದುಕೊಂಡೆ. ಓ.ಪಿ. ಚೀಟಿಯಲ್ಲಿ ಕಬ್ಬಿಣದ ಮಾತ್ರೆ, ವಾಂತಿಯ ಮಾತ್ರೆ ಬರೆದು, ಕೆಳಗೆ ದುಂಡಗಿನ ಕನ್ನಡದಲ್ಲಿ "ಸೊಪ್ಪು ದಿನಕ್ಕೆ ಎರಡು ಸಲ. ಇನ್ನೂ ಹೆಚ್ಚಿಸಿ" ಎಂದು ಬರೆದು ಅಡಿಗೆರೆ ಎಳೆದೆ.

ಎರಡು ವಾರದ ಮೇಲೆ ಅವರನ್ನು ಹೆಂಡತಿ ತೋಳು ಹಿಡಿದು ಕರೆದುಕೊಂಡು ಬಂದರು. ಕೆನ್ನೆ ಗುಳಿಬಿದ್ದಿತ್ತು, ತುಟಿ ಒಣಗಿ ಒಡೆದಿತ್ತು. ನೀರು ಕೂಡ ನಿಲ್ಲುತ್ತಿಲ್ಲವಂತೆ. ಡ್ರಿಪ್ ಹಾಕಿಸಿ ಪಕ್ಕದಲ್ಲಿ ಕೂತೆ. ಹೆಂಡತಿಯ ದೂರು ವಾಂತಿಯದಲ್ಲ, ಬಿಸಿನೀರಿನದು. ಈ ಮನುಷ್ಯ ದಿನಕ್ಕೆ ಐದಾರು ಸಲ ಸ್ನಾನ ಮಾಡುತ್ತಾರೆ, ಹಂಡೆಗೆ ಉರಿ ಹಾಕಿ ಹಾಕಿ ಸೌದೆ ಖಾಲಿಯಾಗಿದೆ, ಚರ್ಮ ಕೆಂಪಾಗುವಷ್ಟು ಬಿಸಿ ನೀರು ಬೆನ್ನಿಗೆ ಸುರಿದುಕೊಂಡು ಬಚ್ಚಲಲ್ಲೇ ಕೂರುತ್ತಾರೆ, ಇದೆಂಥ ಕಾಯಿಲೆ ಎಂದು ಕೇಳಿದರು. ಬಿಸಿನೀರು ಬಿದ್ದಾಗ ಮಾತ್ರ ಹೊಟ್ಟೆ ತೊಳಸುವುದು ನಿಲ್ಲುತ್ತದೆ ಎಂದು ಅವರು ಮಲಗಿದ್ದಲ್ಲಿಂದಲೇ ಹೇಳಿದರು. ನಾನು ಅದನ್ನು ಬರೆದುಕೊಂಡೆ, ಅರ್ಥವಾಗಲಿಲ್ಲ. ಮಾತ್ರೆ ತಗೊಂಡಿರಾ ಎಂದೆ. ತಗೊಂಡಿದ್ದರು. ಸೊಪ್ಪು?

"ನೀವ್ ಹೇಳಿದ್ರಲ್ಲ ಡಾಕ್ಟ್ರಮ್ಮ, ಜಾಸ್ತಿ ಮಾಡಿ ಅಂತ. ಈಗ ನಾಲ್ಕು ಸಲ ಮಾಡಿದ್ದೇನೆ."

ಯಾವ ಸೊಪ್ಪು, ಬಸಳೆಯಾ, ಹರಿವೆಯಾ ಎಂದೆ ನಾನು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನನ್ನ ಹಿಂದೆ ನಿಂತಿದ್ದ ಸಿಸ್ಟರ್, ಕರಿಕೆ ಕಡೆಯವರು, ಹತ್ತು ವರ್ಷದಿಂದ ನನ್ನ ಜೊತೆಗಿರುವವರು, ರಿಜಿಸ್ಟರನ್ನು ಮುಖಕ್ಕೆ ಅಡ್ಡ ಹಿಡಿದು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮೇಡಂ, ಅದು ತಿನ್ನುವ ಸೊಪ್ಪಲ್ಲ. ಸೇದುವ ಸೊಪ್ಪು."

ನಮ್ಮ ತಾತನ ಕಾಲದವರು ಅದನ್ನು ಭಂಗಿ ಅನ್ನುತ್ತಿದ್ದರು. ಪೇಪರಿನಲ್ಲಿ ಗಾಂಜಾ ಅನ್ನುತ್ತಾರೆ. ಜನ ಅದನ್ನು ಸುಮ್ಮನೆ ಸೊಪ್ಪು ಅನ್ನುತ್ತಾರೆಂದು ಇಡೀ ಊರಿಗೆ ಗೊತ್ತಿತ್ತು, ಊರಿನ ಡಾಕ್ಟರಿಗೆ ಗೊತ್ತಿರಲಿಲ್ಲ. ವಾಂತಿಯಾಗುತ್ತಿರುವ ಮನುಷ್ಯನಿಗೆ ಗಾಂಜಾ ಇನ್ನೂ ಹೆಚ್ಚಿಸು ಎಂದು ಸರಕಾರಿ ಚೀಟಿಯ ಮೇಲೆ ಬರೆದುಕೊಟ್ಟಿದ್ದೆ, ಅದಕ್ಕೆ ಅಡಿಗೆರೆ ಬೇರೆ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು, ಏಕೆಂದರೆ ಅಷ್ಟು ಹೊತ್ತಿಗೆ ಆ ಬಿಸಿನೀರು ನನ್ನ ತಲೆಯಲ್ಲಿ ಒಂದು ಕಡೆ ಬಂದು ಕೂತಿತ್ತು. ಹಿಂದೆ ಎಂದೋ ಓದಿದ್ದೆ: ವರ್ಷಗಟ್ಟಲೆ ಗಾಂಜಾ ಸೇದುವವರಲ್ಲಿ ಕೆಲವರಿಗೆ ಬಿಟ್ಟೂಬಿಡದೆ ವಾಂತಿ ಬರುತ್ತದೆ, ಬಿಸಿನೀರಿನಲ್ಲಿ ಮಾತ್ರ ಸಮಾಧಾನ ಸಿಗುತ್ತದೆ, ಸೇದುವುದು ನಿಲ್ಲಿಸಿದರೆ ಮಾತ್ರ ವಾಸಿಯಾಗುತ್ತದೆ. ಓದಿದ್ದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು, ಅದೂ ನಾನೇ ಕೈಯಾರೆ ಹೆಚ್ಚಿಸಿದ್ದು.

ಇಬ್ಬರ ಎದುರೂ ತಪ್ಪೊಪ್ಪಿಕೊಂಡೆ. ನಾನು ಕೇಳಿದ್ದು ಹರಿವೆ ಸೊಪ್ಪು, ನೀವು ಹೇಳಿದ್ದು ಬೇರೆ ಸೊಪ್ಪು, ನನ್ನಿಂದ ನಿಮಗೆ ಜಾಸ್ತಿಯಾಯಿತು ಎಂದೆ. ಹೆಂಡತಿ ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡ ಮಾತ್ರ ನನ್ನನ್ನು ನಂಬಲಿಲ್ಲ. ಸೊಪ್ಪು ಹೊಟ್ಟೆಗೆ ಒಳ್ಳೆಯದು, ವಾಂತಿ ಬಂದಾಗ ಸೇದಿದರೆ ನಿಲ್ಲುತ್ತದೆ, ಲೈನಿನಲ್ಲಿ ಯಾರನ್ನು ಬೇಕಾದರೂ ಕೇಳಿ ಎಂದು ವಾದಕ್ಕಿಳಿದರು. ನಾನು ಯಾರನ್ನೂ ಕೇಳುವುದಿಲ್ಲ, ನೀವು ಮೂರು ವಾರ ಬಿಟ್ಟು ನೋಡಿ, ನಿಲ್ಲದಿದ್ದರೆ ನಾನೇ ಸುಳ್ಳಿ ಎಂದೆ. ಬಿಟ್ಟರೆ ಮೊದಲ ವಾರ ನಿದ್ದೆ ಬರುವುದಿಲ್ಲ, ಬೆವರುತ್ತದೆ, ಹೆಂಡತಿ ಉಸಿರಾಡಿದರೂ ಸಿಟ್ಟು ಬರುತ್ತದೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದೆ. ಆಮೇಲೆ, ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟು, ಏಣಿ ಹತ್ತುವ ಮೊದಲು ಸೇದುತ್ತೀರಾ ಎಂದು ಕೇಳಿದೆ.

ಡ್ರಿಪ್ಪಿನ ಹನಿ ನೋಡುತ್ತಲೇ ಅವರು ಹೇಳಿದರು. ಮೂರು ವರ್ಷದ ಹಿಂದೆ ಪಕ್ಕದ ಮರದ ಏಣಿ ಜಾರಿ ಜೊತೆಯವರೊಬ್ಬರು ಅವರ ಕಣ್ಣೆದುರೇ ಬಿದ್ದರಂತೆ. ಅಂದಿನಿಂದ ಅರ್ಧ ಏಣಿ ಹತ್ತುವಷ್ಟರಲ್ಲಿ ಕಾಲು ನಡುಗುತ್ತದೆ.

"ಅದು ಸೇದಿದ್ರೇನೇ ಕೆಳಗೆ ನೋಡಕ್ಕಾಗೋದು ಡಾಕ್ಟ್ರಮ್ಮ. ಇಲ್ಲಾಂದ್ರೆ ಹತ್ತಕ್ಕೇ ಆಗಲ್ಲ. ಹತ್ತಲ್ಲ ಅಂದ್ರೆ ಲೈನ್ ಮನೆ ಬಿಡ್ಬೇಕು."

ಇಪ್ಪತ್ತಾರು ವರ್ಷ ನಾನು ಜನರನ್ನು ಬೀಡಿ ಸೇದುತ್ತೀರಾ, ಕುಡಿಯುತ್ತೀರಾ ಎಂದು ಕೇಳಿದ್ದೇನೆ. ಯಾಕೆ ಎಂದು ಕೇಳಿದ್ದು ಕಡಿಮೆ. ಆ ಮನುಷ್ಯನಿಗೆ ಚಟವಿತ್ತು, ಸುಳ್ಳಲ್ಲ. ಆದರೆ ಅದರ ಕೆಳಗೆ ಹೆದರಿಕೆಯಿತ್ತು. ಅದರ ಕೆಳಗೆ ಎರಡು ಕೋಣೆಯ ಒಂದು ಮನೆ, ಹೆಂಡತಿಯ ಕಾಫಿ ಹಣ್ಣು ಕೊಯ್ಯುವ ಕೆಲಸ, ಒಂಬತ್ತನೇ ತರಗತಿ ಓದುವ ಮಗಳು ಇದ್ದರು. ಅಮಲಿನಲ್ಲಿ ಏಣಿ ಹತ್ತಿದರೆ ಇವತ್ತಲ್ಲ ನಾಳೆ ಬೀಳುತ್ತಾರೆ. ಹತ್ತದಿದ್ದರೆ ಮನೆ ಹೋಗುತ್ತದೆ. ನಾನು ಒಂದು ಚೀಟಿ ಬರೆದೆ: ಹೊಟ್ಟೆಯ ಕಾಯಿಲೆಯಿಂದ ನಿಶ್ಶಕ್ತಿ ಮತ್ತು ತಲೆಸುತ್ತು ಇದೆ, ಎರಡು ತಿಂಗಳು ಏಣಿ ಹತ್ತಬಾರದು, ನೆಲದ ಮೇಲಿನ ಕೆಲಸ ಕೊಡಬಹುದು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಂದು ಸಂಜೆ ಸಿಸ್ಟರ್ ಮತ್ತು ನಾನು ರಿಜಿಸ್ಟರಿನಲ್ಲಿ ಹೊಸದೊಂದು ಕಾಲಂ ಗೆರೆ ಎಳೆದೆವು. ಮೇಲೆ "ಸೊಪ್ಪು" ಎಂದು ಬರೆದೆವು. ಮರುದಿನದಿಂದ ಬಂದ ದೊಡ್ಡವರಿಗೆಲ್ಲ, ಕೆಮ್ಮಿರಲಿ ಕಾಲುನೋವಿರಲಿ, ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳತೊಡಗಿದೆ. ತಿನ್ನೋ ಸೊಪ್ಪು ತಿಂತೀರಾ, ಸೇದೋ ಸೊಪ್ಪು ಸೇದ್ತೀರಾ. ಹೌದು ಅಂದರೆ ಸಿಸ್ಟರ್ "ತಿ" ಅಥವಾ "ಸೇ" ಎಂದು ಒಂದೊಂದು ಅಕ್ಷರ ಬರೆಯುತ್ತಿದ್ದರು. ಬೈಯಲಿಲ್ಲ, ಕಣ್ಣು ಅಗಲ ಮಾಡಲಿಲ್ಲ, ಬಸಳೆ ಕೇಳಿದ ದನಿಯಲ್ಲೇ ಗಾಂಜಾ ಕೇಳಿದೆ. ಮೊದಲ ದಿನ ಜನ ನಕ್ಕರು. ಮೂರನೇ ದಿನದಿಂದ ಹೇಳತೊಡಗಿದರು.

ಲೈನ್ ಮನೆಯವರೇ ಸೇದುವುದು ಎಂದು ನಾನೂ ಎಲ್ಲರ ಹಾಗೆ ತಿಳಿದಿದ್ದೆ. ಆ ಕಾಲಂ ನನ್ನ ಕೆನ್ನೆಗೆ ಬಾರಿಸಿತು. ಇಸ್ತ್ರಿ ಮಾಡಿದ ಶರ್ಟಿನ ತೋಟದ ಯಜಮಾನರೊಬ್ಬರು ಸೊಂಟನೋವಿಗೆ ಸೇದುತ್ತಿದ್ದರು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಪರೀಕ್ಷೆಯ ದಿಗಿಲಿಗೆ ಸೇದುತ್ತಿದ್ದಳು, ಈಗ ಅದೇ ಅವಳಿಗೆ ಹೊಸ ದಿಗಿಲು ತಂದಿತ್ತು. ಗಾಂಜಾ ಒಳ್ಳೆಯದು ಎಂದು ನಾನು ಯಾರಿಗೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಆ ಹುಡುಗಿಯನ್ನು ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದೆ, ಸೊಪ್ಪಿನ ಜೊತೆ ಹೊಂದದ ಯಜಮಾನರ ಬಿ.ಪಿ. ಮಾತ್ರೆ ಬದಲಿಸಿದೆ. ಗೊತ್ತಿದ್ದರೆ ತಾನೆ ಏನಾದರೂ ಮಾಡುವುದು? ನಮ್ಮ ಜಿಲ್ಲೆಯಲ್ಲಿ ಮದುವೆಗೆ ಹೋದರೆ ಗ್ಲಾಸು ಕೈಗಿಟ್ಟು ಉಪಚಾರ ಮಾಡುತ್ತಾರೆ, ಕುಡಿದವರ ಪಟ್ಟಿ ಕೊಡಿ ಎಂದು ಇಂದಿನವರೆಗೆ ಯಾರೂ ನನ್ನನ್ನು ಕೇಳಿಲ್ಲ. ಈ ಒಂದು ಸೊಪ್ಪಿಗೆ ಮಾತ್ರ ಎಲ್ಲರಿಗೂ ಪಟ್ಟಿ ಬೇಕಾಯಿತು.

ಮೊದಲು ಬಂದವರು ಆ ಎಸ್ಟೇಟಿನ ಮ್ಯಾನೇಜರ್. ಆದದ್ದಿಷ್ಟೆ. ಮೆಣಸು ಕೊಯ್ಯುವ ಆ ರೋಗಿಯ ಹೆಂಡತಿ ಅಚ್ಚುಕಟ್ಟಿನ ಹೆಂಗಸು. ಆಸ್ಪತ್ರೆಯ ಎಲ್ಲ ಚೀಟಿಗಳನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟು, ಏಣಿಯ ಚೀಟಿ ಕೊಡಬೇಕಾದಾಗ ಇಡೀ ಕವರನ್ನೇ ಎಸ್ಟೇಟಿನ ರೈಟರ ಕೈಗೆ ಕೊಟ್ಟಿದ್ದರು. ಹಾಜರಿ ಬರೆಯುವ ರೈಟರಿಗೆ ನನ್ನ ಮೊದಲ ಚೀಟಿ ಸಿಕ್ಕಿತು. ಅವರಿಗೆ ಸೊಪ್ಪು ಎಂದರೇನೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ಎರಡು ದಿನದಲ್ಲಿ ಮ್ಯಾನೇಜರ್ ಜೀಪಿನಲ್ಲಿ ಬಂದು, ಸರದಿಯವರನ್ನೆಲ್ಲ ದಾಟಿ ಒಳಗೆ ಬಂದು, ಕುರ್ಚಿ ಎಳೆದು ಕೂತು, ಆ ಚೀಟಿಯನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ನಯವಾದ ಮನುಷ್ಯ. ದನಿ ಏರಿಸುವವರಲ್ಲ. ಇದು ನಿಮ್ಮ ಅಕ್ಷರವೇ ಮೇಡಂ ಎಂದರು. ಹೌದು ಎಂದೆ. ಬರೆಯುವಾಗ ನನ್ನ ತಲೆಯಲ್ಲಿದ್ದದ್ದು ಬಸಳೆ, ಹರಿವೆ ಎಂದೂ ಹೇಳಿದೆ.

ಅವರು ನಕ್ಕರು. ನನಗೆ ನಿಮ್ಮ ಮೇಲೆ ಸಂಶಯವಿಲ್ಲ, ಆದರೆ ಲೈನಿನಲ್ಲಿ ಗಾಂಜಾ ಸೇದುವವರನ್ನು ಇಟ್ಟುಕೊಂಡರೆ ನಾಳೆ ನನಗೆ ತೊಂದರೆ, ಸೇದುವವರಿಂದ ಮನೆ ಖಾಲಿ ಮಾಡಿಸಬೇಕೆಂದು ಮೇಲಿನಿಂದ ಹೇಳಿದ್ದಾರೆ ಎಂದರು. ಆಮೇಲೆ ತುಂಬಾ ಸುಲಭದ ಒಂದು ದಾರಿ ತೋರಿಸಿದರು.

"ಈ ಮನುಷ್ಯ ಗಾಂಜಾ ತಗೊಳ್ಳೋದಿಲ್ಲ ಅಂತ ಒಂದ್ ಲೈನ್ ಬರೆದು ಸೈನ್ ಮಾಡಿ ಕೊಡಿ ಮೇಡಂ. ನಾನು ಎದ್ದು ಹೋಗ್ತೇನೆ. ಅವನ ಮನೆಗೂ ಏನೂ ಆಗಲ್ಲ."

ಒಂದು ಸಾಲು. ಪೆನ್ನು ಕೈಯಲ್ಲೇ ಇತ್ತು. ಬರೆದಿದ್ದರೆ ಆ ಮನೆ ಅಲ್ಲೇ ಉಳಿಯುತ್ತಿತ್ತು. ಆ ಕ್ಷಣ ನನಗೆ ಬರೆಯಬೇಕೆನಿಸಿದ್ದೂ ನಿಜ. ಆದರೆ ಇವರಿಗೆ ಇಲ್ಲ ಎಂದು ಬರೆದುಕೊಟ್ಟರೆ ನಾಳೆ ಇನ್ನೊಬ್ಬರ ಚೀಟಿ ತಂದು ಮೇಜಿನ ಮೇಲಿಡುತ್ತಾರೆ. ಅವರಿಗೆ ನಾನು ಬರೆದುಕೊಡದಿದ್ದರೆ, ಹೌದು, ಸೇದುತ್ತಾರೆ ಎಂದು ಹೇಳಿದ ಹಾಗೇ ಆಗುತ್ತದೆ. ಸೇದುವುದಿಲ್ಲ ಎಂಬ ಸರ್ಟಿಫಿಕೇಟು ಒಂದು ಸಲ ಹುಟ್ಟಿತೆಂದರೆ ಅದೇ ಒಂದು ಪಟ್ಟಿ. ನನಗೆ ಸಿಟ್ಟು ಬಂತು, ಅವರ ಮೇಲಷ್ಟೇ ಅಲ್ಲ, ಅಷ್ಟು ಸಲೀಸಾಗಿ ಪೆನ್ನು ಬಿಚ್ಚಿದ ನನ್ನ ಮೇಲೂ.

"ತಗೋತಾರೆ ಅಂತ್ಲೂ ಬರೆಯಲ್ಲ, ತಗೊಳಲ್ಲ ಅಂತ್ಲೂ ಬರೆಯಲ್ಲ. ಈ ಕುರ್ಚೀಲಿ ಕೂತು ಅವರು ಹೇಳಿದ್ದು ನಿಮ್ಮ ಎಸ್ಟೇಟಿನ ಸೊತ್ತಲ್ಲ," ಎಂದೆ. ಎರಡು ತಿಂಗಳು ಏಣಿ ಹತ್ತಿಸಬಾರದು ಎಂದು ಲಿಖಿತವಾಗಿ ಕೊಟ್ಟಿದ್ದೇನೆ, ಅದರ ಮೇಲೂ ಹತ್ತಿಸಿ ಅವರು ಬಿದ್ದರೆ ಆ ದಿನ ನಾನು ಖಂಡಿತ ಬರೆಯುತ್ತೇನೆ, ಅದರಲ್ಲಿ ನಿಮ್ಮ ಹೆಸರಿರುತ್ತದೆ ಎಂದೂ ಹೇಳಿದೆ. ಅವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. ಹೇಳಬೇಕಾದವರಿಗೆ ಹೇಳುತ್ತೇನೆ ಎಂದು ಎದ್ದರು. ಹೋಗುವಾಗ ಸರದಿಯಲ್ಲೇ ಹೋಗಿ ಎಂದೆ. ಹೊರಗೆ ಹೋಗುವುದಕ್ಕೆ ಸರದಿಯೇನೂ ಇರಲಿಲ್ಲ, ನನ್ನ ಬಾಯಿ ಸುಮ್ಮನಿರಲಿಲ್ಲ ಅಷ್ಟೆ.

ಹೇಳಬೇಕಾದವರಿಗೆ ಅವರು ಹೇಳಿದರು, ಅಷ್ಟು ಹೊತ್ತಿಗೆ ಊರೆಲ್ಲ ಹಬ್ಬಿದ್ದ ನನ್ನ ಸೊಪ್ಪಿನ ಕಾಲಂ ಸುದ್ದಿಯನ್ನೂ ಸೇರಿಸಿ. ಮೂರು ವಾರದಲ್ಲಿ ನಮ್ಮ ಇಲಾಖೆಯ ಮೇಲಿನವರಿಂದ ಒಂದು ಪತ್ರ ಬಂತು. ಹೊರರೋಗಿಗಳ ರಿಜಿಸ್ಟರಿನಲ್ಲಿ ಮಾದಕ ವಸ್ತು ಬಳಸುವವರ ವಿವರ ಬರೆದಿಟ್ಟಿರುವುದು ಗಮನಕ್ಕೆ ಬಂದಿದೆ, ಹೆಸರು ಮತ್ತು ವಿಳಾಸದ ಪಟ್ಟಿಯನ್ನು ಕಳಿಸತಕ್ಕದ್ದು. ನಾನು ಉತ್ತರ ಬರೆಯದೆ ಸುಮ್ಮನಿದ್ದೆ. ಆಮೇಲೆ ಕಾರಣ ಕೇಳಿ ನೋಟಿಸ್ ಬಂತು. ಯಾಕೆ ಕ್ರಮ ಕೈಗೊಳ್ಳಬಾರದು, ಹದಿನೈದು ದಿನದೊಳಗೆ ತಿಳಿಸಿ. ಜೊತೆಗೆ ಇಲಾಖೆಯವರೊಬ್ಬರು ಫೋನಿನಲ್ಲಿ, ನಿವೃತ್ತಿಗೆ ಹತ್ತಿರವಿದ್ದೀರಿ, ಈ ವಯಸ್ಸಿನಲ್ಲಿ ದೂರಕ್ಕೆ ವರ್ಗವಾದರೆ ಕಷ್ಟ ಎಂದು ಕಾಳಜಿಯಿಂದ ಹೇಳಿದರು. ಆ ಕಾಳಜಿಗೆ ಫೋನಿನ ಈ ಕಡೆ ನಾನು ಹಲ್ಲು ಕಡಿದೆ.

ಸಿಸ್ಟರಿಗೆ ನನಗಿಂತ ಹೆಚ್ಚು ಆತಂಕ. ಅವರೇ ಒಂದು ಉಪಾಯ ಹೇಳಿದರು. ಸೊಪ್ಪು ಅಂದರೆ ತಿನ್ನುವ ಸೊಪ್ಪು ಎಂದೇ ಬರೆಯುವುದು. ರಕ್ತ ಕಡಿಮೆ ಇರುವವರ ಆಹಾರದ ವಿವರ. "ತಿ" ಅಂದರೆ ತಿನ್ನುತ್ತಾರೆ. "ಸೇ" ಅಂದರೆ?

"ಸೇ ಅಂದ್ರೆ ಸೇಬು ಅಂತ ಹೇಳುವ ಮೇಡಂ. ಯಾರಿಗೆ ಗೊತ್ತಾಗ್ತದೆ?"

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಲೈನ್ ಮನೆಗಳಲ್ಲಿ ಜನ ದಿನಾ ಸೇಬು ತಿನ್ನುತ್ತಾರೆಂದು ಸರಕಾರಕ್ಕೆ ತಿಳಿದರೆ ಎಷ್ಟು ಸಂತೋಷವಾದೀತು ಎಂದೆ. ಆದರೆ ನಕ್ಕು ಮುಗಿದ ಮೇಲೆ ನಾನು ಅದನ್ನೇ ಬರೆದೆ. ಸದರಿ ಕಾಲಂ ರೋಗಿಗಳ ಸೊಪ್ಪು ಹಾಗೂ ಸೇಬು ಸೇವನೆಗೆ ಸಂಬಂಧಿಸಿದ್ದು ಎಂದು ಕರಡು ತಯಾರಾಯಿತು. ಯಾರ ಹೆಸರೂ ಹೋಗುವುದಿಲ್ಲ, ನನಗೂ ವರ್ಗವಿಲ್ಲ, ಕೇಳಿದವರೂ ಒಂದು ಕಾಗದ ಸಿಕ್ಕಿತೆಂದು ಸುಮ್ಮನಾಗುತ್ತಾರೆ. ಮ್ಯಾನೇಜರ ಎದುರು ಅಷ್ಟು ಜೋರು ಮಾಡಿದವಳಿಗೆ ಈಗ ಸುಸ್ತಾಗಿತ್ತು. ಆ ಕರಡನ್ನು ರಿಜಿಸ್ಟರಿನ ಕೆಳಗೆ ಇಟ್ಟು, ನಾಳೆ ಟೈಪ್ ಮಾಡಿಸಿದರಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಆ ಮೆಣಸು ಕೊಯ್ಯುವವರು ಬಂದರು. ಎರಡು ತಿಂಗಳು ಮುಗಿದಿತ್ತು. ನಾನು ಒಮ್ಮೆಗೆ ಗುರುತು ಹಿಡಿಯಲಿಲ್ಲ, ಅಷ್ಟು ಮೈ ತುಂಬಿಕೊಂಡಿದ್ದರು. ಬಿಟ್ಟು ಹತ್ತನೇ ದಿನಕ್ಕೆ ವಾಂತಿ ನಿಂತಿತ್ತು, ಹಂಡೆಗೆ ಬೆಳಿಗ್ಗೆ ಒಂದೇ ಸಲ ಉರಿ. ಮೊದಲ ವಾರ ನಾನು ಹೇಳಿದ್ದಕ್ಕಿಂತ ಕೆಟ್ಟದಾಗಿತ್ತಂತೆ, ಹೆಂಡತಿ ತವರಿಗೆ ಹೋಗುತ್ತೇನೆಂದು ಚೀಲ ಕಟ್ಟಿದ್ದರಂತೆ. ಅವರಿಗೆ ಕಣದಲ್ಲಿ ಮೆಣಸು ಒಣಗಿಸಿ ಚೀಲ ತುಂಬುವ ಕೆಲಸ ಕೊಟ್ಟಿದ್ದರು. ನನ್ನ ಚೀಟಿಗೆ ಹೆದರಿಯೋ, ಆಳು ಸಿಗದ ಕಾಲವೆಂದೋ, ಮನೆ ಬಿಡಿಸಿರಲಿಲ್ಲ. ಆದರೆ ಮ್ಯಾನೇಜರ್ ಗಡುವು ಹಾಕಿದ್ದರು. ಕೊಯ್ಲಿನ ಕೊನೆಯ ಎರಡು ವಾರ ಉಳಿದಿದೆ, ಏಣಿ ಹತ್ತಬಹುದೆಂದು ಡಾಕ್ಟರಿಂದ ಬರೆಸಿಕೊಂಡು ಬಾ, ಇಲ್ಲವಾದರೆ ಮುಂದಿನ ತಿಂಗಳಿಂದ ಮನೆಯ ವಿಷಯ ನೋಡೋಣ ಎಂದಿದ್ದರು. ಮೈ ಪರೀಕ್ಷೆ ಮಾಡಿದೆ. ಎಲ್ಲ ಸರಿಯಿತ್ತು. ಹತ್ತಬಹುದು ಎಂದು ಬರೆಯಲು ಅಡ್ಡಿಯೇನೂ ಕಾಣಲಿಲ್ಲ. ರೂಢಿಯಂತೆ ಎರಡು ಪ್ರಶ್ನೆ ಕೇಳಿದೆ. ತಿನ್ನೋ ಸೊಪ್ಪು?

ಹೆಂಡತಿ ದಿನಾ ಮಾಡುತ್ತಾಳೆ, ಸಾಕಾಗಿಹೋಗಿದೆ ಎಂದರು. ಸಿಸ್ಟರ್ "ತಿ" ಬರೆದರು. ಸೇದೋ ಸೊಪ್ಪು?

ಅವರು ಈ ಸಲ ಬಾಗಿಲ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದರು.

"ನಿನ್ನೆ ಒಂದ್ ಸಲ ಸೇದಿದೆ ಡಾಕ್ಟ್ರಮ್ಮ. ಮತ್ತೆ ಏಣಿ ಅಂತ ನೆನೆಸಿದ್ರೆ ಕಾಲು ನಡುಗ್ತು. ನಿಮ್ ಹತ್ರ ಸುಳ್ಳು ಹೇಳ್ಬೌದಿತ್ತು. ಆಗ್ಲಿಲ್ಲ."

ಸಿಸ್ಟರಿನ ಪೆನ್ನು ನಿಂತಿತು. ಇಲ್ಲ ಎಂಬ ಒಂದು ಮಾತಿಗೆ ಅವರ ಮನೆ ಉಳಿಯುತ್ತಿತ್ತು. ಅವರ ಕೈಗೆ ನಾನು ಕೊಟ್ಟಿದ್ದೇನು? ಒಂದು ತಪ್ಪು ಚೀಟಿ, ಒಂದು ಸರಿ ಚೀಟಿ, ಮತ್ತೆ ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂಬ ಮಾತು. ಆ ಮಾತನ್ನು ನಂಬಿ ಅವರು ಮನೆಯನ್ನೇ ಮೇಜಿನ ಮೇಲಿಟ್ಟಿದ್ದರು. ನಾನು ಆ ಮೇಜಿನ ಮೇಲೇ ರಿಜಿಸ್ಟರಿನಡಿ ಸೇಬಿನ ಕರಡು ಮಡಚಿಟ್ಟುಕೊಂಡು ಕೂತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಚೀಟಿ ತೆಗೆದು ಬರೆದೆ: ಎತ್ತರಕ್ಕೆ ಹತ್ತಿದಾಗ ಕಾಲು ನಡುಗುವ, ಭಯದಿಂದ ಹಿಡಿತ ತಪ್ಪುವ ತೊಂದರೆ ಇದೆ, ಇನ್ನು ಮುಂದೆ ಏಣಿಯ ಕೆಲಸ ಕೊಡಕೂಡದು, ನೆಲದ ಮೇಲಿನ ಎಲ್ಲ ಕೆಲಸಕ್ಕೂ ಸಮರ್ಥರು. ಅದನ್ನು ಓದಿ ಹೇಳಿದೆ. ಇದನ್ನು ಮೊದಲೇ ಬರೆಯಬೇಕಿತ್ತು, ಹೆದರಿಕೆಯೂ ಒಂದು ಕಾಯಿಲೆಯೇ, ಮೂರು ವರ್ಷದಿಂದ ಅದಕ್ಕೆ ನೀವೇ ಮದ್ದು ಮಾಡಿಕೊಂಡಿದ್ದಿರಿ ಎಂದೆ. ಮ್ಯಾನೇಜರ್ ಮನೆ ಬಿಡಿ ಎಂದರೆ ನೇರ ನನ್ನ ಹತ್ತಿರ ಬನ್ನಿ, ಆ ಜೀಪಿಗೆ ಅಡ್ಡ ನಾನೇ ನಿಲ್ಲುತ್ತೇನೆ ಎಂದೂ ಹೇಳಿದೆ. ಅವರು ಚೀಟಿಯನ್ನು ಅದೇ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋದರು. ಆಮೇಲೆ ಸಿಸ್ಟರಿಗೆ, ಬರೆಯಿರಿ, "ಸೇ" ಎಂದೆ.

ಕರಡನ್ನು ಹರಿದೆ. ಹೊರಗೆ ಸರದಿ ಬೆಳೆದಿತ್ತು, ಆದರೂ ಬಾಗಿಲು ಮುಚ್ಚಿಸಿ ನನ್ನ ಕೈಯಲ್ಲೇ ನೋಟಿಸಿಗೆ ಉತ್ತರ ಬರೆದೆ. ಟೈಪಿಗೂ ಕಳಿಸಲಿಲ್ಲ. ಆ ದುಂಡಗಿನ ಅಕ್ಷರವನ್ನು ಜೀಪಿನ ಮ್ಯಾನೇಜರ್ ಆಗಲೇ ಒಂದು ಸಲ ಗುರುತು ಹಿಡಿದಿದ್ದಾರೆ, ಈ ಸಲ ಇಲಾಖೆಯವರೂ ಹಿಡಿಯಲಿ ಎನಿಸಿತು. ಅದರಲ್ಲಿ ಇದ್ದದ್ದು ಇಷ್ಟು:

"ರಿಜಿಸ್ಟರಿನಲ್ಲಿ ಸೊಪ್ಪು ಎಂದರೆ ಗಾಂಜಾ ಕೂಡ ಹೌದು. ಕೇಳುತ್ತಿರುವವಳು ನಾನೇ. ಸರಿಯಾಗಿ ಕೇಳದೆ ನಾನು ಒಬ್ಬ ರೋಗಿಗೆ ಕೇಡು ಮಾಡಿದ್ದೇನೆ, ಆದ್ದರಿಂದ ಇನ್ನು ಮುಂದೆಯೂ ಕೇಳುತ್ತೇನೆ. ರೋಗಿಗಳು ನನ್ನನ್ನು ನಂಬಿ ನಿಜ ಹೇಳುತ್ತಾರೆ. ಹೆಸರು ಕೊಡುವುದಿಲ್ಲ."

ಕೆಳಗೆ ಸಹಿ ಹಾಕಿ, ಕೊನೆಯ ಸಾಲಿಗೆ ಅಡಿಗೆರೆ ಎಳೆದು, ಬಾಗಿಲು ತೆಗೆಯಲು ಹೇಳಿದೆ.